ವರ್ನಿಯರ್ರೂ 0.01 ಮಿ.ಮೀ. ತೋರಿಸುತ್ತದೆ, ಮೈಕ್ರೋಮೀಟರ್ ಯಾಕೆ?

ಪ್ರಶ್ನೆ: ಬಳ್ಳಾರಿಯಲ್ಲಿ ಹೊಸದಾಗಿ ಲೇತ್ ಹಾಕಿದ್ದೇನೆ. ರೈಸ್‌ಮಿಲ್ ಶಾಫ್ಟ್ ಕೆಲಸವೇ ಹೆಚ್ಚು. ದವಡೆಗಳ ನಡುವೆ ಹಿಡಿದು ಅಳೆಯುವ ಡಿಜಿಟಲ್ ವರ್ನಿಯರ್ ಇದೆ. ಸ್ಕ್ರೂ ತಿರುಗಿಸಿ ಅಳೆಯುವ ಮೈಕ್ರೋಮೀಟರ್‌ಗೂ ದುಡ್ಡು ಹಾಕಬೇಕೇ?

ಉತ್ತರ: ಹಾಕಬೇಕು. ಇದನ್ನು ಎಷ್ಟು ಸಲ ಹೇಳಿದ್ದೇನೋ, ಎಣಿಸುವುದನ್ನೇ ಬಿಟ್ಟಿದ್ದೇನೆ. ಆದರೂ ಪರದೆಯ ಮೇಲೆ ಎರಡು ದಶಮಾಂಶ ಕಂಡ ಕೂಡಲೇ ಜನ ಅದನ್ನು ದೇವರ ಮಾತಿನಂತೆ ನಂಬಿಬಿಡುತ್ತಾರೆ.

0.01 ತೋರಿಸುವುದು ಬೇರೆ, 0.01ರಷ್ಟು ಸರಿಯಾಗಿ ಅಳೆಯುವುದು ಬೇರೆ. ಒಳ್ಳೆಯ ಕಂಪನಿಯ 150 ಮಿ.ಮೀ. ಡಿಜಿಟಲ್ ವರ್ನಿಯರ್‌ಗೇ ±0.02 ತಪ್ಪು ಇರಬಹುದೆಂದು ತಯಾರಕರೇ ಬರೆದುಕೊಡುತ್ತಾರೆ. ಆ ಚೀಟಿ ಓದುವವರು ಯಾರು? ಈಗ 6205 ಬೇರಿಂಗ್ ತಗೊಳ್ಳಿ, ಒಳವ್ಯಾಸ 25. ಕೆ6 ಫಿಟ್ಟಿಗೆ, ಅಂದರೆ ಬೇರಿಂಗ್ ಬಿಗಿಯಾಗಿ ಕೂರುವ ಪ್ರಮಾಣಿತ ಅಳತೆಗೆ, ಶಾಫ್ಟ್ 25.002ರಿಂದ 25.015ರೊಳಗೆ ಬರಬೇಕು. ನಿಮಗಿರುವ ಜಾಗವೇ 0.013, ವರ್ನಿಯರ್‌ನ ತಪ್ಪು ಅದಕ್ಕಿಂತ ದೊಡ್ಡದು. ಭತ್ತದ ಕಾಟಾದಲ್ಲಿ ಬಂಗಾರ ತೂಗಿದ ಹಾಗಾಯಿತು.

ದೋಷ ಸೆಲ್ಲಿನದ್ದಲ್ಲ, ರಚನೆಯದ್ದು. ವರ್ನಿಯರ್‌ನಲ್ಲಿ ಸ್ಕೇಲ್ ಒಂದು ಕಡೆ, ಜಾಬ್ (ಅಳೆಯುವ ವಸ್ತು) ಅದರಿಂದ ದೂರ ದವಡೆಯ ತುದಿಯಲ್ಲಿ. ಕೊಂಚ ಒತ್ತಿ ಹಿಡಿದರೂ ದವಡೆ ವಾಲುತ್ತದೆ. ಅಳೆಯುವ ವಸ್ತುವೂ ಸ್ಕೇಲೂ ಒಂದೇ ಗೆರೆಯಲ್ಲಿರಬೇಕೆಂದು ಜರ್ಮನಿಯ ಅರ್ನ್ಸ್ಟ್ ಆಬೆ 1890ರಲ್ಲೇ ಹೇಳಿದ್ದ. ಮೈಕ್ರೋಮೀಟರ್‌ನ ಸ್ಕ್ರೂ ಇರುವುದು ಆ ಗೆರೆಯಲ್ಲೇ. ಒತ್ತಡ ಪ್ರತಿ ಸಲವೂ ಒಂದೇ ಹದದಲ್ಲಿರುವಂತೆ ಅದರ ತುದಿಯ ಜಾರುವ ಹಿಡಿ, ಅಂದರೆ ರ‍್ಯಾಚೆಟ್ ನೋಡಿಕೊಳ್ಳುತ್ತದೆ. ಅದನ್ನು ಬಿಟ್ಟು ಥಿಂಬಲ್ (ಸ್ಕ್ರೂ ತಿರುಗಿಸುವ ತೋಳು) ಹಿಡಿದು ಬಿಗಿಯುವ ಹುಡುಗರಿಗೆ ಮಾತ್ರ ಇದನ್ನು ದಿನಾ ಹೇಳಬೇಕು.

ಕೊಳ್ಳುವುದು ಸುಲಭ: 0–25 ಮಿ.ಮೀ.ನದ್ದೊಂದು, 25–50ರದ್ದೊಂದು. ಅಳೆಯುವ ಮುಖಗಳು ಬೇಗ ಸವೆಯದ ಕಾರ್ಬೈಡ್ ಇರಲಿ, ಜೊತೆಗೆ ತಪಾಸಣೆಗೆ ಒಂದು ಸ್ಲಿಪ್ ಗೇಜ್ (ನಿಖರ ಅಳತೆಯ ತುಂಡು). ವರ್ನಿಯರನ್ನು ಬಿಸಾಡಬೇಡಿ, ರಫಿಂಗ್‌ಗೆ (ಮೊದಲ ಒರಟು ಕೆಲಸಕ್ಕೆ) ಅದೇ ಸಾಕು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಅಳತೆಯ ಲೆಕ್ಕವೆಲ್ಲ 20 ಡಿಗ್ರಿಗೆ, ನಮ್ಮೂರಿನ ಬೇಸಿಗೆಯೋ 40 ದಾಟುತ್ತದೆ. ಅದಕ್ಕೆ ಹೆದರಬೇಡಿ. ಶಾಫ್ಟೂ ಉಕ್ಕು, ಮೈಕ್ರೋಮೀಟರೂ ಉಕ್ಕು, ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಹಿಗ್ಗುತ್ತವೆ. ಅಲ್ಯೂಮಿನಿಯಂ ಆದರೆ ಸುಮಾರು ಎರಡರಷ್ಟು ಹಿಗ್ಗುತ್ತದೆ, ಅಲ್ಲಿ ಹುಷಾರು. ನಿಜವಾಗಿ ಕೆಡಿಸುವುದು ಲೇತಿನಿಂದ ಆಗಷ್ಟೇ ಇಳಿದ ಬಿಸಿ ಜಾಬ್. ಅದು ಮೈಕ್ರೋಮೀಟರ್‌ಗಿಂತ 30 ಡಿಗ್ರಿ ಹೆಚ್ಚು ಬಿಸಿಯಿದ್ದರೆ 25 ಮಿ.ಮೀ. ಶಾಫ್ಟ್ ಸುಮಾರು 0.009 ದಪ್ಪ ತೋರಿಸುತ್ತದೆ. ಸರಿಯಾಯಿತೆಂದು ಕೊಟ್ಟು ಕಳಿಸುತ್ತೀರಿ, ಗಂಗಾವತಿ ಮುಟ್ಟುವಷ್ಟರಲ್ಲಿ ಬೇರಿಂಗ್ ಸಡಿಲ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಚಹಾ ಕುಡಿದು ಬನ್ನಿ, ಆಮೇಲೆ ಅಳೆಯಿರಿ.