ಗೋಧಿಯ ಕಪ್ಪು ತುಕ್ಕು ನೀಲಗಿರಿಯಿಂದ ಬರುತ್ತದೆ

ಗೋಧಿಗೆ ತುಕ್ಕು ರೋಗ ಬಿತ್ತೆಂದರೆ ಮಣ್ಣು ಕೆಟ್ಟಿದೆ ಎನ್ನುವವರಿದ್ದಾರೆ, ಯಾರದೋ ಕಣ್ಣು ತಾಗಿದೆ ಎನ್ನುವವರೂ ಇದ್ದಾರೆ. ಹಳೆಯ ರೋಮನ್ನರು ಪ್ರತಿ ಏಪ್ರಿಲ್ 25ಕ್ಕೆ ರೊಬಿಗಸ್ ಎಂಬ ತುಕ್ಕಿನ ದೇವರಿಗೆ ನಾಯಿ ಬಲಿ ಕೊಡುತ್ತಿದ್ದರು. ಕಣ್ಣಿನ ಮಾತು ಬಿಡಿ, ಮಣ್ಣಿನ ಮಾತೂ ಸುಳ್ಳೇ. ತುಕ್ಕು ಒಂದು ಶಿಲೀಂಧ್ರ, ಅದು ಬೆಳೆಯಲು ಜೀವಂತ ಹಸಿರು ಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಅದರ ಬೀಜಾಣುಗಳು ಸುಟ್ಟುಹೋಗುತ್ತವೆ.

ಮತ್ತೆ ಪ್ರತಿ ಹಿಂಗಾರಿಗೂ ಅದು ಬರುವುದೆಲ್ಲಿಂದ? ದಂಟಿಗೆ ಬೀಳುವ ಕಪ್ಪು ತುಕ್ಕಿನ ಜೀವನದ ಒಂದು ಘಟ್ಟ ಬಾರ್ಬೆರಿ ಎಂಬ ಮುಳ್ಳುಪೊದೆಯಲ್ಲಿ ಕಳೆಯುತ್ತದೆಂದು ಜರ್ಮನಿಯ ವಿಜ್ಞಾನಿ ಡಿ ಬೇರಿ 1865ರಲ್ಲಿ ತೋರಿಸಿದ್ದ. 1918ರಿಂದ ಅಮೆರಿಕದವರು ಆ ಪೊದೆಯನ್ನೇ ಬೇರುಸಹಿತ ಕಿತ್ತರು. ನಮ್ಮ ಹಿಮಾಲಯದಲ್ಲೂ ನೀಲಗಿರಿಯಲ್ಲೂ ಬಾರ್ಬೆರಿ ಜಾತಿಯ ಗಿಡಗಳುಂಟು. ಆದರೆ ಆಗ್ರಾ ಕಾಲೇಜಿನ ಕರಂ ಚಂದ್ ಮೆಹ್ತಾ ಅವಕ್ಕೆ ಇಲ್ಲಿ ಪಾತ್ರವೇ ಇಲ್ಲವೆಂದರು. ತಂಪಾದ ಬೆಟ್ಟಗಳಲ್ಲಿ ಗೋಧಿಯ ಮೇಲೆಯೇ ತುಕ್ಕು ಬೇಸಿಗೆ ಕಳೆದು ಗಾಳಿ ಹಿಡಿದು ಬಯಲಿಗೆ ಇಳಿಯುತ್ತದೆಂಬ ಅವರ ವಿವರವಾದ ವರದಿ ಬಂದದ್ದು 1940ರಲ್ಲಿ. ಪಾಶ್ಚಾತ್ಯರ ಉತ್ತರವನ್ನು ಒಪ್ಪಿ ಸುಮ್ಮನಿದ್ದಿದ್ದರೆ ನಾವಿನ್ನೂ ಪೊದೆ ಕೀಳುತ್ತಲೇ ಇರುತ್ತಿದ್ದೆವು!

ಮುಂದೆ ವಿಜ್ಞಾನಿ ನಾಗರಾಜನ್ ಮತ್ತಿತರರು ಆ ದಾರಿಗೆ ಹವಾಮಾನವನ್ನು ಜೋಡಿಸಿದರು. ನವೆಂಬರ್ ಹೊತ್ತಿಗೆ ಬಂಗಾಳಕೊಲ್ಲಿಯಲ್ಲಿ ಏಳುವ ಚಂಡಮಾರುತದ ಗಾಳಿ ನೀಲಗಿರಿ, ಪಳನಿ ಬೆಟ್ಟಗಳ ಬೀಜಾಣುಗಳನ್ನು ಉತ್ತರಕ್ಕೆ ಒಯ್ಯುತ್ತದೆ. ಮಳೆ ಅವನ್ನು ಪೈರಿನ ಮೇಲೆ ಇಳಿಸುತ್ತದೆ. ಇಳಿದ ಬೀಜಾಣು ಮೊಳೆಯಲು ಎಲೆಯ ಮೇಲೆ ಕೆಲವು ತಾಸು ನೀರಿನ ಪಸೆ ಇರಬೇಕು. ಮೊಳಕೆ ಎಲೆಯ ಉಸಿರುರಂಧ್ರ ಹುಡುಕಿ ಒಳನುಗ್ಗಿ, ಜೀವಕೋಶಕ್ಕೆ ಹೀರುಬಾಯಿ ಚುಚ್ಚಿ, ಕಾಳಿಗೆ ಹೋಗಬೇಕಾದ ಸಕ್ಕರೆಯನ್ನು ದಾರಿಯಲ್ಲೇ ಕದಿಯುತ್ತದೆ. ಒಂದೆರಡು ವಾರದಲ್ಲಿ ದಂಟಿನ ಸಿಪ್ಪೆ ಸೀಳಿ ಇಟ್ಟಿಗೆ ಬಣ್ಣದ ಪುಡಿ ಹೊರಬೀಳುತ್ತದೆ. ಆ ಪುಡಿಯ ಪ್ರತಿ ಕಣವೂ ಹೊಸ ಬೀಜಾಣು. ಕಾಳು ಜೊಳ್ಳಾಗುತ್ತದೆ.

ಇದಕ್ಕೆ ಮೊದಲ ಮದ್ದು ತಳಿ. ವಿಜಯಪುರ, ಬಾಗಲಕೋಟೆ ಕಡೆ ಬೆಳೆಯುವ ಸದಕ ಗೋಧಿ ತುಕ್ಕಿಗೆ ಸುಲಭಕ್ಕೆ ಮಣಿಯುವುದಿಲ್ಲ. ಅದೇ ಜಾತಿಯ ಖಪ್ಲಿಯನ್ನು ಅಮೆರಿಕದ ವಿಜ್ಞಾನಿ ಸ್ಟಾಕ್‌ಮನ್ ತುಕ್ಕಿನ ಬಗೆಗಳನ್ನು ಗುರುತಿಸುವ ಹನ್ನೆರಡು ತಳಿಗಳಲ್ಲಿ ಸೇರಿಸಿಕೊಂಡಿದ್ದ. ಆದರೆ ಎಲ್ಲೆಡೆ ಒಂದೇ ತಳಿ ಬಿತ್ತಿದರೆ ತುಕ್ಕು ಅದನ್ನೂ ಮುರಿಯುತ್ತದೆ: 1998ರಲ್ಲಿ ಉಗಾಂಡಾದಲ್ಲಿ ಕಂಡ ಯುಜಿ99 ಎಂಬ ಕಪ್ಪು ತುಕ್ಕಿನ ಬಗೆ ಹಾಗೆಯೇ, ಬಹುಕಾಲ ಬೆಳೆಯನ್ನು ಕಾಪಾಡಿದ್ದ ಒಂದು ನಿರೋಧಕ ಜೀನನ್ನು ದಾಟಿತು. ಆದ್ದರಿಂದ ಗಾಳಿಯ ದಾರಿಯುದ್ದಕ್ಕೂ ಬೇರೆಬೇರೆ ಜೀನುಗಳ ತಳಿ ಹಂಚಬೇಕು.

ಸಿಂಪರಣೆ ನಂತರದ ಮಾತು. ಎಲೆ ಹಳದಿಯಾದದ್ದೆಲ್ಲ ತುಕ್ಕಲ್ಲ, ಸಾರಜನಕದ ಕೊರತೆಯೂ ಇರಬಹುದು. ಎಲೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಪುಡಿ ಅಂಟಿದರೆ ತಡಮಾಡದೆ ಲೀಟರ್ ನೀರಿಗೆ 1 ಮಿ.ಲೀ. ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ ಬೆರೆಸಿ ಹೊಡೆಯಬೇಕು. ದಂಟೆಲ್ಲ ಸೀಳಿದ ಮೇಲೆ ಹೊಡೆದರೆ ಔಷಧದ ದುಡ್ಡೂ ಹೋಯಿತು.