ರಿಯಾಕ್ಷನ್‌ನಲ್ಲಿ ಹೊರಬಿದ್ದ ಎನರ್ಜಿ ಯಾರ ಪಾಲಿಗೆ?

ಪ್ರಶ್ನೆ: ಎಕ್ಸೋಥರ್ಮಿಕ್ ರಿಯಾಕ್ಷನ್‌ನಲ್ಲಿ ಶಾಖ ಬರುತ್ತೆ ಅಂತ ಪಿಯುಸಿಯಲ್ಲಿ ಓದಿದ್ವಿ. ಆದ್ರೆ ರಿಯಾಕ್ಷನ್ ಆದ ಆ ಕ್ಷಣದಲ್ಲೇ ಆ ಎನರ್ಜಿ ಎಲ್ಲಿರುತ್ತೆ? ಹುಟ್ಟಿದ ಎರಡು ಪ್ರಾಡಕ್ಟ್‌ಗಳೂ ಸಮ ಸಮ ಹಂಚ್ಕೊಳ್ತಾವಾ?

ಸಮಪಾಲಂತೂ ಇಲ್ಲವೇ ಇಲ್ಲ. ಇನ್ನು ಶಾಖ ಅನ್ನೋದು ಆಮೇಲಿನ ಕಥೆ, ಹುಟ್ಟಿದ ಅಣುಗಳು ಅಕ್ಕಪಕ್ಕದವರಿಗೆ ಢಿಕ್ಕಿ ಹೊಡೆದು ಹೊಡೆದು ಎನರ್ಜಿನ ಎಲ್ಲರಿಗೂ ಹಂಚಿದ ಮೇಲೆ ಥರ್ಮಾಮೀಟರ್‌ಗೆ ಸಿಗೋದು. ಅದಕ್ಕೂ ಮುಂಚೆ ಅದು ಅಣುವಿನ ಓಟದಲ್ಲಿರುತ್ತೆ, ಇಲ್ಲಾ ಗಿರಗಿರ ತಿರುಗೋದ್ರಲ್ಲಿ, ಇಲ್ಲಾ ಬಾಂಡ್ ಸ್ಪ್ರಿಂಗ್ ಥರ ಕುಣಿಯೋದ್ರಲ್ಲಿ (ಕೆಲವು ಸಲ ಎಲೆಕ್ಟ್ರಾನ್‌ಗಳಲ್ಲೂ, ಅದನ್ನ ಇವತ್ತು ಬಿಟ್ಬಿಡೋಣ).

ನನ್ನ ಫೇವರಿಟ್ ಉದಾಹರಣೆ ತಗೊಳ್ಳಿ. ಒಂದು ಫ್ಲೋರಿನ್ ಪರಮಾಣು ಬಂದು ಹೈಡ್ರೋಜನ್ ಅಣುವಿಗೆ ಬಡಿಯುತ್ತೆ, ಹೆಚ್‌ಎಫ್ (ಹೈಡ್ರೋಜನ್ ಫ್ಲೋರೈಡ್) ಹುಟ್ಟುತ್ತೆ, ಒಂದು ಹೈಡ್ರೋಜನ್ ಪರಮಾಣು ಒಂಟಿಯಾಗಿ ಹೊರಗೆ ಬೀಳುತ್ತೆ, ಒಂದು ಮೋಲ್‌ಗೆ ಸುಮಾರು 134 ಕಿಲೋಜೌಲ್ ಬಿಡುಗಡೆ. ಮೊದಲು ಓಟದ ಪಾಲು ನೋಡಿ. ತೆಪ್ಪದಿಂದ ದಡಕ್ಕೆ ಜಿಗಿದ್ರೆ ತೆಪ್ಪ ಹಿಂದಕ್ಕೆ ಹೋಗುತ್ತಲ್ಲ, ಹಾಗೇ ಇವೆರಡೂ ಒಂದನ್ನೊಂದು ತಳ್ಳಿ ದೂರ ಆಗ್ತಾವೆ, ಹಗುರ ಇರೋದು ಜಾಸ್ತಿ ಜೋರಾಗಿ ಹಾರುತ್ತೆ. ಹೆಚ್‌ಎಫ್ ತೂಕ 20, ಹೈಡ್ರೋಜನ್‌ದು 1, ಹಾಗಾಗಿ ಓಟದ ಎನರ್ಜಿನ 21 ಪಾಲು ಮಾಡಿದ್ರೆ 20 ಪಾಲು ಆ ಪುಟಾಣಿ ಹೈಡ್ರೋಜನ್‌ಗೆ! ಸಮಪಾಲಿನ ಮಾತು ಇಲ್ಲೇ ಮುಗೀತು.

ಆದ್ರೆ ಅಸಲಿ ಮಜಾ ಬೇರೆ ಕಡೆ ಇದೆ, ಓಟಕ್ಕೆ ಹೋಗೋದೇ ಒಟ್ಟು ಎನರ್ಜಿಯ ಕಾಲು ಭಾಗದಷ್ಟು, ಮೂರನೇ ಎರಡು ಭಾಗ ಹೆಚ್‌ಎಫ್ ಬಾಂಡಿನ ಕುಣಿತಕ್ಕೇ ಹೋಗುತ್ತೆ. ಕುಣಿತಕ್ಕೆ ಮೆಟ್ಟಿಲುಗಳಿವೆ, ಸೊನ್ನೆ, ಒಂದು, ಎರಡು, ಮೂರು ಅಂತ. ಹುಟ್ಟಿದ ಹೆಚ್‌ಎಫ್‌ಗಳಲ್ಲಿ ಅತಿ ಹೆಚ್ಚು ಇರೋದು ಎರಡನೇ ಮೆಟ್ಟಿಲಲ್ಲಿ, ಮೂರರಲ್ಲಿ ಅದರ ಅರ್ಧದಷ್ಟು, ಒಂದರಲ್ಲಿ ಇನ್ನೂ ಕಮ್ಮಿ. ರೂಮ್ ಟೆಂಪರೇಚರ್‌ನಲ್ಲಿ ಸುಮ್ಮನೆ ಇಟ್ಟ ಹೆಚ್‌ಎಫ್‌ನಲ್ಲಿ ಒಂದನೇ ಮೆಟ್ಟಿಲು ಹತ್ತಿರೋದೇ ಸುಮಾರು 18 ಕೋಟಿಗೆ ಒಂದು ಅಣು, ಅದನ್ನ ನೆನಪಿಟ್ಕೊಂಡು ಇದನ್ನ ನೋಡಿ, ಪೂರಾ ಉಲ್ಟಾ.

ಯಾಕೆ ಹಿಂಗೆ? ಚಾರ್ಮಾಡಿ ಘಾಟಿ ಇಳಿದಿದ್ದೀರಾ? ಸ್ಕೂಟರ್‌ಗೆ ಕಡಿದಾದ ಇಳಿಜಾರು ಮೊದಲು ಸಿಕ್ಕಿ, ಆ ಸ್ಪೀಡಲ್ಲೇ ತಿರುವಿಗೆ ನುಗ್ಗಿದ್ರೆ ಗಾಡಿ ಆ ಅಂಚು ಈ ಅಂಚು ಅಂತ ಓಲಾಡಿಕೊಂಡು ಮುಂದೆ ಹೋಗುತ್ತೆ, ಅದೇ ತಿರುವು ದಾಟಿದ ಮೇಲೆ ಇಳಿಜಾರು ಬಂದ್ರೆ ನೇರ ಓಟ. ರಿಯಾಕ್ಷನ್ನೂ ಅಷ್ಟೇ. ಫ್ಲೋರಿನ್ ಇನ್ನೂ ಹತ್ತಿರ ಬರ್ತಿರುವಾಗಲೇ ಎನರ್ಜಿ ಬಿಡುಗಡೆ ಆಗೋಕೆ ಶುರುವಾಗಿಬಿಡುತ್ತೆ, ಹೊಸ ಬಾಂಡ್ ಹುಟ್ಟೋವಾಗಲೇ ಓಲಾಡ್ತಾ ಹುಟ್ಟುತ್ತೆ. ಹೈಡ್ರೋಜನ್ ಪರಮಾಣು ಕ್ಲೋರಿನ್ ಅಣುವಿಗೆ ಬಡಿಯೋ ಕೇಸಲ್ಲಿ ಎರಡು ಕ್ಲೋರಿನ್‌ಗಳು ದೂರ ಸರಿಯೋವಾಗ ಜಾಸ್ತಿ ಹೊರಬೀಳುತ್ತೆ, ಅದಕ್ಕೇ ಅಲ್ಲಿ ಕುಣಿತದ ಪಾಲು ಸುಮಾರು 40 ಪರ್ಸೆಂಟ್‌ಗೆ ಇಳಿಯುತ್ತೆ. ಇನ್ನು ಕೆಲವು ರಿಯಾಕ್ಷನ್‌ಗಳಲ್ಲಿ ಬಂದವರು ಸ್ವಲ್ಪ ಹೊತ್ತು ಅಂಟಿಕೊಂಡೇ ಇರ್ತಾರೆ, ಅಲ್ಲಿ ಎನರ್ಜಿ ಎಲ್ಲಾ ಕಡೆ ಹರಡಿಕೊಳ್ಳೋಕೆ ಟೈಮ್ ಸಿಗುತ್ತೆ.

ಅಣು ಕುಣಿಯೋದು ಕಾಣಿಸಿದ್ದು ಹೇಗೆ ಅಂದ್ರೆ ಬೆಳಕಿನಿಂದ. 1958ರಲ್ಲಿ ಟೊರೊಂಟೋದಲ್ಲಿ ಜಾನ್ ಪೊಲಾನಿ ಮತ್ತು ಕ್ಯಾಶಿಯನ್ ಅನ್ನೋ ವಿಜ್ಞಾನಿಗಳು ಹೈಡ್ರೋಜನ್ ಪರಮಾಣುಗಳನ್ನ ಕ್ಲೋರಿನ್ ಜೊತೆ ತುಂಬಾ ಕಮ್ಮಿ ಒತ್ತಡದಲ್ಲಿ ಬೆರೆಸಿದ್ರು, ಹುಟ್ಟಿದ ಹೆಚ್‌ಸಿಎಲ್ (ಹೈಡ್ರೋಜನ್ ಕ್ಲೋರೈಡ್) ಕುಣಿತ ಇಳಿಸ್ತಾ ಬಿಟ್ಟ ಇನ್‌ಫ್ರಾರೆಡ್ ಬೆಳಕು ಸಿಕ್ತು. ಒತ್ತಡ ಕಮ್ಮಿ ಇರಲೇಬೇಕು, ಇಲ್ಲಾಂದ್ರೆ ಬೆಳಕು ಬಿಡೋ ಮುಂಚೆನೇ ಢಿಕ್ಕಿಗಳು ಲೆಕ್ಕ ಅಳಿಸಿಬಿಡ್ತಾವೆ. ಯುವಾನ್ ಲೀ ಅನ್ನೋ ವಿಜ್ಞಾನಿ ಇನ್ನೊಂದು ದಾರಿ ಹಿಡಿದ್ರು, ಅಣು-ಪರಮಾಣುಗಳ ಎರಡು ಕಿರಣಗಳನ್ನ ಅಡ್ಡಡ್ಡ ಹಾಯಿಸಿ ಪ್ರಾಡಕ್ಟ್ ಎಷ್ಟು ಸ್ಪೀಡಲ್ಲಿ ಬರುತ್ತೆ ಅಂತ ಅಳೆದ್ರು, ನಿಧಾನ ಬಂದವನ ಜೇಬಲ್ಲಿ ಕುಣಿತ ಜಾಸ್ತಿ ಅಂತ ಲೆಕ್ಕ. ಪೊಲಾನಿ, ಲೀ, ಇದೇ ಕ್ಷೇತ್ರದ ಹರ್ಷ್‌ಬಾಕ್, ಮೂವರಿಗೂ 1986ರ ಕೆಮಿಸ್ಟ್ರಿ ನೊಬೆಲ್ ಬಂತು.

ಮೇಲಿನ ಮೆಟ್ಟಿಲಲ್ಲೇ ಜನ ಜಾಸ್ತಿ ಅಂದ್ರೆ ಅದು ಲೇಸರ್‌ಗೆ ಬೇಕಾದ ಸ್ಥಿತಿ ತಾನೇ, 1965ರಲ್ಲಿ ಕ್ಯಾಸ್ಪರ್ ಮತ್ತು ಪಿಮೆಂಟೆಲ್ ಹೈಡ್ರೋಜನ್-ಕ್ಲೋರಿನ್ ಮಿಶ್ರಣಕ್ಕೆ ಫ್ಲ್ಯಾಶ್ ಹೊಡೆದು ಆ ಸ್ಫೋಟದಿಂದಲೇ ಲೇಸರ್ ಹೊರಡಿಸಿದ್ರು, ಮೊದಲ ಕೆಮಿಕಲ್ ಲೇಸರ್ ಅದೇ.

ಲ್ಯಾಬಿಗೇ ಹೋಗಬೇಕು ಅಂತಿಲ್ಲ. ನಮ್ಮ ತಲೆ ಮೇಲೆ ಸುಮಾರು 87 ಕಿಲೋಮೀಟರ್ ಎತ್ತರದಲ್ಲಿ ರಾತ್ರಿಯಿಡೀ ಹೈಡ್ರೋಜನ್ ಪರಮಾಣುಗಳು ಓಝೋನಿಗೆ ಬಡೀತಿರ್ತಾವೆ, ಹುಟ್ಟೋ ಓಹೆಚ್ (ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ್ದು) ಆರರಿಂದ ಒಂಬತ್ತನೇ ಮೆಟ್ಟಿಲವರೆಗೆ ಏರಿ ಕೂತಿರುತ್ತೆ, ಅಲ್ಲಿ ಗಾಳಿ ತೆಳು, ಢಿಕ್ಕಿ ಕಮ್ಮಿ, ಹಾಗಾಗಿ ಇಳೀತಾ ಬೆಳಕು ಚೆಲ್ಲುತ್ತೆ. ಬಹುಪಾಲು ಇನ್‌ಫ್ರಾರೆಡ್, ನಮ್ಮ ಕಣ್ಣಿಗೆ ಬೀಳಲ್ಲ, ಆದ್ರೆ ನೆಲದ ಮೇಲಿನ ಇನ್‌ಫ್ರಾರೆಡ್ ಟೆಲಿಸ್ಕೋಪ್‌ನವರು ಪ್ರತಿ ರಾತ್ರಿ ಈ ಓಹೆಚ್ ಬೆಳಕಿನ ಗೆರೆಗಳನ್ನ ಕಳೆದೇ ನಕ್ಷತ್ರದ ಬೆಳಕು ಲೆಕ್ಕ ಹಾಕಬೇಕು.