ಪೀಕ್ ಲೋಡ್: ಒಂದು ಗಂಟೆ ಓಡಿಸಿದರೆ ಆರು ಗಂಟೆಯ ಸವೆತ

ಬೇಸ್ ಲೋಡ್‌ನಲ್ಲಿ, ಅಂದರೆ ಬಿಡದೆ ಓಡಿಸಬಹುದಾದ ಪೂರ್ತಿ ಲೋಡ್‌ನಲ್ಲಿ, ಓಡುತ್ತಿರುವ ಗ್ಯಾಸ್ ಟರ್ಬೈನನ್ನು ಪೀಕ್ ಲೋಡ್‌ಗೆ, ಅಂದರೆ ಸ್ವಲ್ಪ ಹೊತ್ತಿಗೆ ಅದಕ್ಕಿಂತ ಮೇಲಕ್ಕೆ, ಏರಿಸಲು ಆಪರೇಟರ್‌ಗೆ ಪರದೆಯ ಮೇಲಿನ ಒಂದು ಬಟನ್ ಸಾಕು. ಅದರ ಬಿಲ್ಲು ಮಾತ್ರ ಎರಡು-ಮೂರು ವರ್ಷದ ನಂತರ, ಕವಚ ಬಿಚ್ಚಿದ ದಿನ ಬರುತ್ತದೆ. ಈ ಬಿಲ್ಲು ಎಲ್ಲ ಸ್ಥಾವರಗಳಿಗೂ ಒಂದೇ ಅಲ್ಲ.

ಜಿಇ ಕಂಪನಿಯ ಫ್ರೇಮ್ 9ಇ ಯಂತ್ರವನ್ನೇ ನೋಡೋಣ. ನಿಮಿಷಕ್ಕೆ 3,000 ಸುತ್ತು, 14 ದಹನ ಕೋಣೆಗಳು, ಮೂರು ಹಂತದ ಟರ್ಬೈನ್, ಸುಮಾರು 126 ಮೆಗಾವಾಟ್ ಸಾಮರ್ಥ್ಯ. ಬೇಸ್ ಲೋಡ್‌ನಲ್ಲಿ ಮೊದಲ ಸಾಲಿನ ಬ್ಲೇಡುಗಳಿಗೆ ತಾಗುವ ಅನಿಲದ ತಾಪ ಸುಮಾರು 1,124 ಡಿಗ್ರಿ ಸೆಲ್ಸಿಯಸ್. ಪೀಕ್‌ಗೆ ಹೋದಾಗ ವೇಗ ಬದಲಾಗುವುದಿಲ್ಲ. ಕಂಪ್ರೆಸರ್‌ಗೆ ಗಾಳಿ ಬಿಡುವ ರೆಕ್ಕೆಗಳು ಆಗಲೇ ಪೂರ್ತಿ ತೆರೆದಿರುವುದರಿಂದ ಗಾಳಿಯೂ ಹೆಚ್ಚುವುದಿಲ್ಲ. ಹೆಚ್ಚುವುದು ಇಂಧನ ಮಾತ್ರ. ತಾಪ 56 ಡಿಗ್ರಿಯಷ್ಟು ಮೇಲೇರುತ್ತದೆ, ಸುಮಾರು ಶೇ 8ರಷ್ಟು, ಅಂದರೆ 10 ಮೆಗಾವಾಟ್ ಹೆಚ್ಚುವರಿ ವಿದ್ಯುತ್ ಸಿಗುತ್ತದೆ. ಜ್ವಾಲೆ ಬಿಸಿಯಾದಂತೆ ನೈಟ್ರೋಜನ್ ಆಕ್ಸೈಡುಗಳೂ ಏರುತ್ತವೆ. ಹಾಗಾಗಿ ಕೆಲವೆಡೆ ಯಂತ್ರ ತಾಳಿಕೊಂಡರೂ ಮಾಲಿನ್ಯದ ಮಿತಿ ಅಡ್ಡ ಬರುತ್ತದೆ.

ಬಿಸಿ ಭಾಗಗಳ ಸವೆತ ತಾಪದೊಂದಿಗೆ ನೇರ ಗೆರೆಯಲ್ಲಿ ಏರುವುದಿಲ್ಲ. 9ಇ ಸೇರಿದ ಇ ದರ್ಜೆಯ ಯಂತ್ರಗಳಿಗೆ ತಯಾರಕರು ಕೊಟ್ಟಿರುವ ಸೂತ್ರದಂತೆ 28 ಡಿಗ್ರಿ ಏರಿಸಿದರೆ ಆಯುಷ್ಯ ಸುಮಾರು ಎರಡೂವರೆ ಪಟ್ಟು ವೇಗದಲ್ಲಿ ಕರಗುತ್ತದೆ. 56 ಡಿಗ್ರಿ ಏರಿಸಿದರೆ ಆರು ಪಟ್ಟು. ಅರ್ಧ ಪೀಕ್‌ನಲ್ಲಿ, ಅಂದರೆ 28 ಡಿಗ್ರಿಯಷ್ಟೇ ಏರಿಸಿ, ಓಡಿಸುವ ಜಾಣತನಕ್ಕೆ ಇದೇ ಆಧಾರ.

ಸವೆಯುವುದು ಏನು? ಮೊದಲ ಸಾಲಿನ ಬ್ಲೇಡಿನ ಮುಂಚೂಣಿಯಲ್ಲಿ ರಕ್ಷಣಾ ಲೇಪನ ಉತ್ಕರ್ಷಣಗೊಂಡು ತೆಳುವಾಗುತ್ತದೆ. ಅದು ಹೋದ ಮೇಲೆ ಒಳಗಿನ ನಿಕ್ಕಲ್ ಮಿಶ್ರಲೋಹ ಬೇಗ ತಿಂದುಹೋಗುತ್ತದೆ. ಅನಿಲವನ್ನು ಬ್ಲೇಡುಗಳತ್ತ ತಿರುಗಿಸುವ ಎದುರಿನ ಸ್ಥಿರ ನಾಜಲ್‌ಗಳ ಹಿಂಬದಿ ಅಂಚಿನಲ್ಲಿ ಬಿರುಕು ಬೆಳೆಯುತ್ತದೆ. ಕೋಣೆಯಿಂದ ಟರ್ಬೈನಿಗೆ ಅನಿಲ ಒಯ್ಯುವ ಟ್ರಾನ್ಸಿಶನ್ ಪೀಸ್ ಸೊಟ್ಟಗಾಗುತ್ತದೆ. ಕಣ್ಣಿಗೆ ಕಾಣದ್ದು ಕ್ರೀಪ್: ಕೆಂಪಗೆ ಕಾದು ಸುತ್ತುವ ಲೋಹ ಅಪಕೇಂದ್ರ ಬಲಕ್ಕೆ ಸಿಕ್ಕಿ ನಿಧಾನವಾಗಿ ಉದ್ದವಾಗುವುದು. ಒಳಗೆ ತಂಪುಗಾಳಿ ಹರಿಯದ ಮೂರನೇ ಸಾಲಿನ ಬ್ಲೇಡುಗಳ ತುದಿಪಟ್ಟಿ ಇದರಿಂದಲೇ ಮೇಲಕ್ಕೆ ಮಡಚಿಕೊಳ್ಳುತ್ತದೆ. ಲೇಪನವನ್ನು ಕೆರೆದು ಮತ್ತೆ ಹಚ್ಚಬಹುದು. ಕ್ರೀಪ್‌ನಿಂದ ಹಿಗ್ಗಿದ ಬ್ಲೇಡ್ ಮಾತ್ರ ಹೆಚ್ಚಾಗಿ ಗುಜರಿಗೇ.

ಈಗ ಲೆಕ್ಕ. 9ಇ ಯಂತ್ರದಲ್ಲಿ ಬಿಸಿ ಅನಿಲದ ದಾರಿಯ ತಪಾಸಣೆಗೆ ಎರಡು ಮಿತಿಗಳಿವೆ: 24,000 ಗಂಟೆ ಅಥವಾ 900 ಸ್ಟಾರ್ಟ್. ಯಾವುದು ಮೊದಲು ತುಂಬುತ್ತದೋ ಅದು. ಎರಡನ್ನೂ ಬೇರೆ ಬೇರೆ ಎಣಿಸಬೇಕು, ಕೂಡಿಸುವಂತಿಲ್ಲ.

ವರ್ಷಕ್ಕೆ 8,000 ಗಂಟೆ ಬಿಡದೆ ಓಡುವ ಸ್ಥಾವರವೊಂದು ಬೇಸಿಗೆಯ 120 ದಿನ, ದಿನಕ್ಕೆ ಮೂರು ಗಂಟೆ ಪೀಕ್‌ನಲ್ಲಿ ಓಡಿತು ಎನ್ನಿ. 360 ಗಂಟೆಗಳು 2,160 ಎಂದು ದಾಖಲಾಗುತ್ತವೆ. ಉಳಿದ 7,640 ಸೇರಿ ವರ್ಷಕ್ಕೆ 9,800. ಮೂರು ವರ್ಷಕ್ಕೆ ಬರಬೇಕಿದ್ದ ತಪಾಸಣೆ ಎರಡೂವರೆ ವರ್ಷ ತುಂಬುವ ಮೊದಲೇ ಬರುತ್ತದೆ. ಬಿಡಿಭಾಗ, ಕೂಲಿ ಎಲ್ಲ ಸೇರಿ ತಪಾಸಣೆಗೆ 30 ಕೋಟಿ ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಪ್ರತಿ ಪೀಕ್ ಗಂಟೆ ಐದು ಹೆಚ್ಚುವರಿ ಗಂಟೆಗಳನ್ನು, ಅಂದರೆ 62,500 ರೂಪಾಯಿಯನ್ನು ತಿನ್ನುತ್ತದೆ. ಪ್ರತಿಯಾಗಿ ಸಿಗುವುದು 10,000 ಯೂನಿಟ್. ಇಂಧನದ ಖರ್ಚು ಸೇರಿಸದೆಯೇ ಯೂನಿಟ್‌ಗೆ 6.25 ರೂಪಾಯಿ ಬಿತ್ತು. ದರ ತೀರಾ ಏರಿದ ದಿನವಲ್ಲದಿದ್ದರೆ ಇದು ನಷ್ಟದ ವ್ಯಾಪಾರ.

ದಿನವೂ ಸಂಜೆ ಎಬ್ಬಿಸಿ, ನಾಲ್ಕು ಗಂಟೆ ಓಡಿಸಿ, ಮತ್ತೆ ಮಲಗಿಸುವ ಯಂತ್ರದ ಕಥೆ ಬೇರೆ. ಅಲ್ಲಿ ಮೊದಲು ತುಂಬುವುದು ಸ್ಟಾರ್ಟ್‌ಗಳ ಮಿತಿ. ಬೇಸ್ ಲೋಡ್‌ವರೆಗೆ ಹೋದ ಸ್ಟಾರ್ಟ್‌ಗೆ 1, ಪೀಕ್ ಮುಟ್ಟಿದ್ದಕ್ಕೆ 1.3 ಎಂದು ಎಣಿಕೆ. 900ನ್ನು 1.3ರಿಂದ ಭಾಗಿಸಿದರೆ 692 ದಿನ. ನಾಲ್ಕೂ ಗಂಟೆ ಪೀಕ್‌ನಲ್ಲೇ ಓಡಿದರೂ, ಆರು ಪಟ್ಟು ಎಣಿಸಿ ಅಷ್ಟು ದಿನಕ್ಕೆ ಆಗುವುದು 16,608 ಗಂಟೆ, 24,000ಕ್ಕೆ ಇನ್ನೂ ದೂರ. ಆರು ಪಟ್ಟಿನ ದಂಡ ಇಲ್ಲಿ ತಟ್ಟುವುದೇ ಇಲ್ಲ. ಅದೇ 30 ಕೋಟಿಯ ಲೆಕ್ಕದಲ್ಲಿ ದಿನಕ್ಕೆ 0.3 ಸ್ಟಾರ್ಟ್, ಅಂದರೆ ಒಂದು ಲಕ್ಷ ರೂಪಾಯಿ ಹೆಚ್ಚುವರಿ ಖರ್ಚು, 40,000 ಯೂನಿಟ್ ಲಾಭ. ಯೂನಿಟ್‌ಗೆ ಎರಡೂವರೆ ರೂಪಾಯಿ. ಪೀಕ್ ಲೋಡ್ ಕೆಟ್ಟದ್ದೋ ಒಳ್ಳೆಯದೋ ಎಂದು ಕೇಳುವ ಮೊದಲು, ನಿಮ್ಮ ಯಂತ್ರದಲ್ಲಿ ಯಾವ ಮಿತಿ ಮೊದಲು ಮುಗಿಯುತ್ತದೆ ಎಂದು ನೋಡಬೇಕು. ಪೂರ್ತಿ ಲೋಡ್‌ನಲ್ಲಿ ಒಮ್ಮೆ ಟ್ರಿಪ್ ಆದರೆ, ಅಂದರೆ ಯಂತ್ರ ತಟ್ಟನೆ ತಾನಾಗಿ ನಿಂತುಬಿಟ್ಟರೆ, ಎಂಟು ಸ್ಟಾರ್ಟ್‌ಗಳಷ್ಟು ಸವೆತ, ಅದನ್ನು ಮರೆಯಬೇಡಿ.

ಹಗಲು ಕಡಿಮೆ ಲೋಡ್‌ನಲ್ಲಿ ಓಡಿಸಿ ಸರಿದೂಗಿಸುತ್ತೇವೆ ಎನ್ನುವವರಿದ್ದಾರೆ. 56 ಡಿಗ್ರಿ ಹೆಚ್ಚು ತಾಪದ ಒಂದು ಗಂಟೆಯನ್ನು ಸರಿದೂಗಿಸಲು 56 ಡಿಗ್ರಿ ಕಡಿಮೆ ತಾಪದಲ್ಲಿ ಆರು ಗಂಟೆ ಓಡಬೇಕು. ಹೊರಹೋಗುವ ಬಿಸಿ ಅನಿಲದಿಂದ ಹಬೆ ಮಾಡಿ ಇನ್ನೊಂದು ಟರ್ಬೈನ್ ಓಡಿಸುವ ಕಂಬೈಂಡ್ ಸೈಕಲ್ ಸ್ಥಾವರದಲ್ಲಂತೂ ಬಾಯ್ಲರಿಗೆ ಬಿಸಿ ಅನಿಲ ಸಿಗಲೆಂದು ಲೋಡ್ ಇಳಿಸುವಾಗ ಮೊದಲು ಗಾಳಿಯನ್ನೇ ತಗ್ಗಿಸುತ್ತಾರೆ. ಲೋಡ್ ಸುಮಾರು ಶೇ 80ಕ್ಕೆ ಇಳಿಯುವವರೆಗೂ ಬ್ಲೇಡಿಗೆ ತಾಗುವ ತಾಪ ಹಾಗೇ ಇರುತ್ತದೆ. ಮೆಗಾವಾಟ್ ಇಳಿದರೂ ಆಯುಷ್ಯ ಉಳಿಯುವುದಿಲ್ಲ.

ಇನ್ನೊಂದು ತೊಡಕು: ಆ 1,124 ಡಿಗ್ರಿಯನ್ನು ಯಾರೂ ಅಳೆಯುವುದಿಲ್ಲ. ಅಲ್ಲಿ ತಾಪ ಅಳೆಯುವ ಥರ್ಮೊಕಪಲ್ ಬಾಳುವುದಿಲ್ಲ. ಹೊರಹೋಗುವ ಅನಿಲದ ತಾಪ (ಸುಮಾರು 540 ಡಿಗ್ರಿ) ಮತ್ತು ಕಂಪ್ರೆಸರಿನ ಹೊರಒತ್ತಡದಿಂದ ನಿಯಂತ್ರಕ ಅದನ್ನು ಊಹಿಸುತ್ತದೆ. ಹೊರದಾರಿಯಲ್ಲಿರುವ ಕೆಲವು ಥರ್ಮೊಕಪಲ್‌ಗಳು ಕಡಿಮೆ ತೋರಿಸಿದರೆ ಸರಾಸರಿ ತಗ್ಗುತ್ತದೆ, ನಿಯಂತ್ರಕ ಇನ್ನಷ್ಟು ಇಂಧನ ಸುರಿಯುತ್ತದೆ. ಒಂದು ಇಂಧನ ನಾಜಲ್ ಕಟ್ಟಿಕೊಂಡರೆ ಉಳಿದ ಕೋಣೆಗಳು ಸರಾಸರಿಯನ್ನು ಉಳಿಸಲು ಅತಿಯಾಗಿ ಉರಿಯುತ್ತವೆ. ಆದ್ದರಿಂದ ಪೀಕ್‌ಗೆ ಹೋಗುವ ಮುನ್ನ ಥರ್ಮೊಕಪಲ್‌ಗಳ ನಡುವಿನ ಅಂತರ, ಅಂದರೆ ಸ್ಪ್ರೆಡ್, ಎಂದಿನ ಮಟ್ಟದಲ್ಲಿದೆಯೇ ಎಂದು ನೋಡಲೇಬೇಕು. ಬೇಸ್‌ನಲ್ಲೇ ಸ್ಪ್ರೆಡ್ ಹೆಚ್ಚಿದ್ದರೆ ಪೀಕ್ ಬೇಡ.

ಬಿಸಿ ಭಾಗಕ್ಕೆ ಪೆಟ್ಟಾಗದ ಮೆಗಾವಾಟ್‌ಗಳೂ ಇವೆ, ಅವನ್ನು ಮೊದಲು ಗಳಿಸಬೇಕು. ಯಂತ್ರದ ಸಾಮರ್ಥ್ಯವನ್ನು 15 ಡಿಗ್ರಿ ಗಾಳಿ ಮತ್ತು ಸಮುದ್ರಮಟ್ಟಕ್ಕೆ ಹೇಳಿರುತ್ತಾರೆ. ಗಾಳಿ ಒಂದೊಂದು ಡಿಗ್ರಿ ಬಿಸಿಯಾದಂತೆ ಸುಮಾರು ಶೇ 0.7 ಕಳೆಯುತ್ತದೆ, 35 ಡಿಗ್ರಿಯ ಮಧ್ಯಾಹ್ನ ಶೇ 14ರಷ್ಟು ಹೋಗಿರುತ್ತದೆ. ಯಲಹಂಕದ 370 ಮೆಗಾವಾಟ್ ಸ್ಥಾವರದಂತೆ 900 ಮೀಟರ್ ಎತ್ತರದಲ್ಲಿ ಕೂತ ಯಂತ್ರಕ್ಕೆ ತೆಳುಗಾಳಿಯಿಂದಲೇ ಸುಮಾರು ಹತ್ತನೇ ಒಂದು ಭಾಗ ಕಡಿತ. ಎತ್ತರಕ್ಕೆ ಮದ್ದಿಲ್ಲ. ಬಿಸಿಗಾಳಿಗೆ ಇದೆ: ನೀರು ಆವಿಯಾಗಿಸಿ ಒಳಗಾಳಿ ತಂಪು ಮಾಡುವುದು, ಒಣಹವೆಯ ಮಾರ್ಚ್–ಏಪ್ರಿಲ್‌ನಲ್ಲಿ ಚೆನ್ನಾಗಿ ಫಲಿಸುತ್ತದೆ. ಕೊಳೆಯಾದ ಕಂಪ್ರೆಸರನ್ನು ಯಂತ್ರ ನಿಲ್ಲಿಸಿ ತೊಳೆದರೆ, ಕಟ್ಟಿಕೊಂಡ ಫಿಲ್ಟರ್ ಬದಲಿಸಿದರೆ ಕಳೆದುಕೊಂಡದ್ದರಲ್ಲಿ ಒಂದು ಪಾಲು ಮರಳುತ್ತದೆ.

ಇಷ್ಟಾದ ಮೇಲೂ ಪೀಕ್ ಬೇಕೆಂದಾದರೆ, ಪೀಕ್ ಗಂಟೆಗಳ ಕೌಂಟರನ್ನು ಪ್ರತಿ ತಿಂಗಳೂ ಪುಸ್ತಕಕ್ಕೆ ಇಳಿಸಬೇಕು. ನಿಯಂತ್ರಕದ ಕಾರ್ಡ್ ಬದಲಿಸುವ ದಿನವಂತೂ ಕಾರ್ಡ್ ಕೀಳುವ ಮೊದಲೇ ಬರೆದುಕೊಳ್ಳಿ. ಸೊನ್ನೆಯಿಂದ ಎಣಿಸಲು ಶುರುಮಾಡಿದ ಹೊಸ ಕಾರ್ಡಿಗೆ ಹಳೆಯ ಬ್ಲೇಡುಗಳು ಎಷ್ಟು ಹಿಗ್ಗಿವೆ ಎಂದು ಗೊತ್ತಿರುವುದಿಲ್ಲ.